ನಿಯಾಂಡರ್ತಾಲರೇ ಬದಲಾಗಿ ನಾವಾದೆವಾ?

ಪ್ರಶ್ನೆ: ಮಂಗನಿಂದ ನಿಯಾಂಡರ್ತಾಲ್ ಅನ್ನುವ ಹಳೆಯ ಕಾಲದ ಮನುಷ್ಯ, ಅವನಿಂದ ನಾವು ಅಂತ ಕೇಳಿದ್ದೇವೆ. ಹಳೆಯ ಎಲುಬಿನ ಡಿಎನ್ಎ ಕೂಡ ಅದನ್ನೇ ಹೇಳುತ್ತದಾ ಸರ್?

ಇಲ್ಲ. ಬೀದರ್, ಯಾದಗಿರಿ, ಕಲಬುರಗಿ, ಎಲ್ಲಿ ಹೋದರೂ ಇದೇ ಪ್ರಶ್ನೆ. ತಪ್ಪು ಕೇಳುವವರದಲ್ಲ, ಆ ಚಿತ್ರದ್ದು. ಬಾಗಿದ ಮಂಗ, ಅರ್ಧ ಎದ್ದವನು, ಕೊನೆಗೆ ನೆಟ್ಟಗೆ ನಡೆಯುವ ಮನುಷ್ಯ, ಎಲ್ಲರೂ ಒಂದೇ ಸಾಲಿನಲ್ಲಿ. ಅಂಥ ಸಾಲು ಯಾವತ್ತೂ ಇರಲಿಲ್ಲ.

ನಮ್ಮಂಥ ಮನುಷ್ಯರ ಸುಮಾರು 3 ಲಕ್ಷ ವರ್ಷ ಹಳೆಯ ಎಲುಬುಗಳು ಮೊರಾಕ್ಕೋದಲ್ಲಿ ಸಿಕ್ಕಿವೆ. ನಿಯಾಂಡರ್ತಾಲರು ಯುರೋಪಿನಲ್ಲಿ ಸುಮಾರು 40,000 ವರ್ಷದ ಹಿಂದಿನವರೆಗೂ ಬದುಕಿದ್ದರು. ಅಂದರೆ ಇಬ್ಬರೂ ಒಂದೇ ಕಾಲದವರು. 2010ರಲ್ಲಿ ವಿಜ್ಞಾನಿ ಸ್ವಾಂಟೆ ಪಾಬೋ ಅವರ ತಂಡ ನಿಯಾಂಡರ್ತಾಲರ ಜೀನೋಮ್, ಅಂದರೆ ಡಿಎನ್ಎ ಬರಹ, ಓದಿದಾಗ ಸಂಬಂಧ ಇನ್ನೂ ಸ್ಪಷ್ಟವಾಯಿತು. ನಾವು ದಾಯಾದಿಗಳು. ಮೂಲ ಅಜ್ಜ ಒಬ್ಬನೇ, ಮನೆ ಬೇರೆಯಾಗಿ 5 ಲಕ್ಷ ವರ್ಷಕ್ಕೂ ಜಾಸ್ತಿ ಆಯಿತು. ಆಮೇಲೆ, ಸುಮಾರು 50,000 ವರ್ಷದ ಹಿಂದೆ, ಎರಡೂ ಕಡೆಯವರು ಕೂಡಿ ಮಕ್ಕಳಾದವು. ಅದಕ್ಕೇ ನಮ್ಮ ಡಿಎನ್ಎಯಲ್ಲಿ ಇವತ್ತಿಗೂ ಶೇ 1ರಿಂದ 2ರಷ್ಟು ಅವರದು. ಕೆಲವು ನಿಯಾಂಡರ್ತಾಲರು ನಮ್ಮ ಪೂರ್ವಜರಲ್ಲಿ ಸೇರಿದ್ದಾರೆ, ನಿಜ. ಹಾಗಂತ ಅವರೇ ಬದಲಾಗಿ ನಾವಾದದ್ದಲ್ಲ. ಇವತ್ತಿನ ಮಂಗವೂ ನಮ್ಮ ಅಜ್ಜ ಅಲ್ಲ, ಬಹಳ ದೂರದ ಸಂಬಂಧಿ. 'ಮಂಗ ಇನ್ನೂ ಯಾಕೆ ಇದೆ' ಅನ್ನುವ ಪ್ರಶ್ನೆಗೂ ಅಲ್ಲೇ ಉತ್ತರ ಇದೆ.

ಇನ್ನೂ ಅನುಮಾನ ಇದ್ದರೆ ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಎಲುಬಿನ ಚೂರು ನೋಡಿ. ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಸುಮಾರು 90,000 ವರ್ಷದ ಹಿಂದಿನ ಒಬ್ಬ ಹುಡುಗಿಯದು. ಅವಳ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್ ಅನ್ನುವ ಮತ್ತೊಂದು ಕವಲಿನವನು. ಆ ಸಾಲಿನ ಚಿತ್ರದಲ್ಲಿ ಇವಳನ್ನು ಎಲ್ಲಿ ನಿಲ್ಲಿಸುತ್ತೀರಿ?

ಇದರ ಜೊತೆಗೇ ಯಾರೂ ಕೇಳದ ಒಂದು ಮಾತು ಹೇಳಲೇಬೇಕು. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ ಇಸಾಂಪುರ ಇದೆ. ಅಲ್ಲಿ ಸುಣ್ಣಕಲ್ಲಿನ ಹಲಗೆ ಒಡೆದು ಕೈಕೊಡಲಿ ಮಾಡಿದ ಜಾಗವನ್ನು ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆಯಿತು. ವಯಸ್ಸು ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಸಿಕ್ಕಿದ್ದು ಅಲ್ಲಿನ ಪ್ರಾಣಿ ಹಲ್ಲಿನಿಂದ. ಕೊಡಲಿ ಮಾಡಿದವರ ಎಲುಬು ಸಿಕ್ಕಿಲ್ಲ. ಸಿಕ್ಕರೂ ಡಿಎನ್ಎ ಉಳಿದಿರುವುದು ಕಷ್ಟ. ಬಿಸಿಲಿಗೆ, ಕಾವಿಗೆ ಅದು ಬೇಗ ಚೂರಾಗುತ್ತದೆ. ಸೈಬೀರಿಯಾದ ಚಳಿ ಎಲ್ಲಿ, ನಮ್ಮ ಬೇಸಿಗೆ ಎಲ್ಲಿ! ಆದರೆ ಹಲ್ಲಿನ ಮೇಲಿನ ಗಟ್ಟಿ ಪದರವಾದ ಎನಾಮಲ್‌ನಲ್ಲಿರುವ ಪ್ರೋಟೀನ್ ಡಿಎನ್ಎಗಿಂತ ಬಹಳ ಕಾಲ ತಾಳುತ್ತದೆ. ಸ್ಪೇನಿನಲ್ಲಿ ಸಿಕ್ಕ ಸುಮಾರು 8 ಲಕ್ಷ ವರ್ಷದ ಹಲ್ಲಿನಿಂದ ಅದನ್ನು ಓದಿದ್ದಾರೆ.

ಹಾಗಾಗಿ ಹುಣಸಗಿ ಕಡೆಯವರೇ, ಹಳ್ಳದ ದಡದಲ್ಲಿ ಕಲ್ಲಾದ ಎಲುಬು, ಹಲ್ಲು ಕಂಡರೆ ಕೀಳಬೇಡಿ, ತೊಳೆಯಬೇಡಿ. ಇದ್ದ ಜಾಗದಲ್ಲೇ ಫೋಟೋ ತೆಗೆದು ಪುರಾತತ್ವ ಇಲಾಖೆಯವರಿಗೆ ತಿಳಿಸಿ.