‘ರೈತರ ಸಮಸ್ಯೆ’ಯನ್ನು ಸಂಶೋಧನಾ ಪ್ರಶ್ನೆಯಾಗಿಸುವುದು

ಎಂ.ಎ. ಕಿರುಪ್ರಬಂಧಕ್ಕೆ ನಾನು ಮೊದಲು ಬರೆದುಕೊಟ್ಟ ಶೀರ್ಷಿಕೆ ‘ಮಂಡ್ಯ ಜಿಲ್ಲೆಯ ರೈತರ ಸಮಸ್ಯೆಗಳು: ಒಂದು ಅಧ್ಯಯನ’. ಮಾರ್ಗದರ್ಶಕರು ಓದಿ, ಹಾಳೆಯನ್ನು ಮೇಜಿನ ಮೇಲಿಟ್ಟು, ‘ನಾಳೆ ಬೆಳಿಗ್ಗೆ ಯಾರ ಮನೆಯ ಬಾಗಿಲು ತಟ್ಟುತ್ತೀಯಮ್ಮ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ವರ್ಷ ವಿಷಯ ಹುಡುಕುತ್ತಿರುವ ಗೆಳೆಯರಿಗಾಗಿ, ಆ ಉತ್ತರದವರೆಗೆ ಹೇಗೆ ಬಂದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

‘ರೈತ’ ಎಂಬ ಒಂದು ಪದದೊಳಗೆ ಎಷ್ಟು ಜನರಿದ್ದಾರೆ ಎಂದು ಮೊದಲು ಎಣಿಸಿ ನೋಡಿ. ನಾಲೆಯ ನೀರಿನಲ್ಲಿ ಕಬ್ಬು ಬೆಳೆಯುವ ಮದ್ದೂರಿನವರೂ, ಮಳೆಯನ್ನೇ ನಂಬಿ ರಾಗಿ ಬಿತ್ತುವ ನಾಗಮಂಗಲದವರೂ ರೈತರೇ. ಹೊಲದ ಒಡೆಯನೂ, ಬೆಳೆಯ ಪಾಲಿಗೆ ಬೇರೆಯವರ ಹೊಲ ಉಳುವವನೂ, ದಿನಗೂಲಿಗೆ ನಾಟಿ ಹಾಕುವ ಹೆಂಗಸೂ ಅದೇ ಪದದಲ್ಲಿ ಸೇರಿಬಿಡುತ್ತಾರೆ. ಇವರೆಲ್ಲರ ಸಮಸ್ಯೆ ಒಂದೇ ಅಲ್ಲ.

ಹಾಗೆಂದು ಜಿಲ್ಲೆಯನ್ನು ತಾಲ್ಲೂಕಿಗೆ, ತಾಲ್ಲೂಕನ್ನು ಹೋಬಳಿಗೆ ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಾವೆಲ್ಲ ಎಡವುವುದು ಇಲ್ಲಿಯೇ. ‘ಮದ್ದೂರು ತಾಲ್ಲೂಕಿನ ರೈತರ ಸಮಸ್ಯೆಗಳು’ ಎಂದರೆ ನಕ್ಷೆ ಚಿಕ್ಕದಾಯಿತು, ಪ್ರಶ್ನೆ ಹುಟ್ಟಲಿಲ್ಲ. ನಾವು ಹುಡುಕಬೇಕಾದದ್ದು ಎರಡು ಸಂಗತಿಗಳು ಒಂದಕ್ಕೊಂದು ತಾಳೆಯಾಗದ ಜಾಗವನ್ನು.

ಇದಕ್ಕೆ ನಮ್ಮ ಮಂಡ್ಯದಲ್ಲೇ ನಡೆದ ಒಳ್ಳೆಯ ಮಾದರಿಯೊಂದಿದೆ. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಸಂಶೋಧಕಿ ಇಲ್ಲಿನ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಊರುಗಳ ನಿಜವಾದ ಹೆಸರು ಮರೆಮಾಡಿ ‘ವಾಂಗಲ’, ‘ದಲೇನ’ ಎಂದು ಕರೆದರು. ಆಗ ಇರ್ವಿನ್ ನಾಲೆ ಎನ್ನುತ್ತಿದ್ದ, ಈಗಿನ ವಿಶ್ವೇಶ್ವರಯ್ಯ ನಾಲೆಯ ನೀರು ವಾಂಗಲಕ್ಕೆ ಬಂದಿತ್ತು. ದಲೇನದ ಜಮೀನಿಗೆ ಹತ್ತಲಿಲ್ಲ. ‘ಅಭಿವೃದ್ಧಿಯಿಂದ ಸಮಾಜ ಬದಲಾಗುತ್ತದೆಯೇ?’ ಎಂಬ ಬೆಟ್ಟದಂಥ ವಿಷಯ, ನೀರು ಬಂದ ಊರು ಮತ್ತು ಬಾರದ ಊರಿನ ಹೋಲಿಕೆಯಾಗಿ ಕೈಗೆ ಸಿಕ್ಕಿತು. ನೀರು ಬಂದ ಊರಿನವರು ಬೇಸಾಯದಲ್ಲೇ ಉಳಿದರು, ಅಲ್ಲಿನ ಹಳೆಯ ಸಂಬಂಧಗಳೂ ಬಹುಮಟ್ಟಿಗೆ ಹಾಗೆಯೇ ಉಳಿದವು. ನೀರಿಲ್ಲದ ಊರಿನವರು ಮಂಡ್ಯದ ಕಡೆಗೆ ಕೆಲಸ, ವ್ಯಾಪಾರ ಹುಡುಕಿ ಹೊರಟರು. ಹೆಚ್ಚು ಬದಲಾದದ್ದು ಆ ಊರೇ. ಒಂದೇ ಹಳ್ಳಿಯನ್ನು ನೋಡಿದ್ದರೆ ಇದು ಕಾಣುತ್ತಿರಲಿಲ್ಲ.

ನನಗೆ ತಾಳೆಯಾಗದೆ ಕಂಡದ್ದು ಕಬ್ಬಿನ ಲೆಕ್ಕ. ಕೇಂದ್ರ ಸರ್ಕಾರ ವರ್ಷವರ್ಷವೂ ಕಬ್ಬಿಗೆ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿ ಮಾಡುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಷ್ಟು ಬಡ್ಡಿ ಸೇರಿಸಬೇಕು. ಕಾರ್ಖಾನೆಗೆ ಕೊಟ್ಟರೆ ಕಾಗದದ ಮೇಲೆ ಇಷ್ಟು ಭದ್ರತೆ ಇದೆ. ಆದರೂ ಅದೇ ಕಬ್ಬು ಬೆಲ್ಲ ಮಾಡುವ ಆಲೆಮನೆಗೆ ಹೋಗುತ್ತದೆ.

ಆಗ ನಾನು ಬರೆದ ಪ್ರಶ್ನೆ: ‘ಕಾರ್ಖಾನೆಗಳ ಶೋಷಣೆಯಿಂದ ಬೇಸತ್ತ ರೈತರು ಆಲೆಮನೆಗಳತ್ತ ಹೋಗುತ್ತಿರುವುದು ಹೇಗೆ?’ ಇದರಲ್ಲಿ ಉತ್ತರ ಮೊದಲೇ ಕುಳಿತಿದೆ. ಅದು ನನಗೆ ತಿಳಿದದ್ದು ಆಲೆಮನೆಯ ಅಂಗಳದಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಒಬ್ಬರು ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬುತ್ತಿದ್ದರು. ಕಬ್ಬು ತಂದಿದ್ದ ದಂಪತಿಯನ್ನು ‘ಕಾರ್ಖಾನೆ ದರ ಸಾಲುವುದಿಲ್ಲವೇ?’ ಎಂದು ಕೇಳಿದೆ. ಗಂಡ ಸುಮ್ಮನಿದ್ದರು. ಹೆಂಡತಿ ಹೇಳಿದರು: ‘ದರದ ಮಾತು ಆಮೇಲೆ ಕಣವ್ವ. ನಾಲೆಗೆ ನೀರು ಬಿಡುವುದರೊಳಗೆ ಗದ್ದೆ ಖಾಲಿಯಾಗದಿದ್ದರೆ ಭತ್ತದ ನಾಟಿ ತಪ್ಪುತ್ತದೆ. ಕಾರ್ಖಾನೆಯ ಕಟಾವಿನ ಸರದಿ ಯಾವಾಗಲೋ. ಈ ಆಲೆಮನೆಯವರು ನಾವು ಹೇಳಿದ ದಿನ ಆಳು ಕಳಿಸಿ ಕಡಿಸಿದರು.’

ದರದ ಬಗ್ಗೆ ಇಪ್ಪತ್ತು ಪ್ರಶ್ನೆಗಳ ಪಟ್ಟಿ ನನ್ನ ಚೀಲದಲ್ಲಿತ್ತು. ನೀರಿನ ಬಗ್ಗೆ ಒಂದೂ ಇರಲಿಲ್ಲ.

ಅಂದು ರಾತ್ರಿ ಮೈಸೂರಿಗೆ ಮರಳಿ ಹೊಸದಾಗಿ ಬರೆದದ್ದು ಇದು:

‘ಮದ್ದೂರು ತಾಲ್ಲೂಕಿನ ಒಂದೇ ಉಪನಾಲೆಯ ಆರಂಭದಲ್ಲಿರುವ ಒಂದು ಊರು ಹಾಗೂ ಕೊನೆಯ ಭಾಗದ ಒಂದು ಊರಿನಲ್ಲಿ, ಎರಡು ಎಕರೆಗಿಂತ ಕಡಿಮೆ ಕಬ್ಬು ಬೆಳೆಯುವ ಕುಟುಂಬಗಳು ಕಳೆದ ಹಂಗಾಮಿನ ಕಬ್ಬನ್ನು ಕಾರ್ಖಾನೆಗೆ ಕೊಡುವುದೋ ಆಲೆಮನೆಗೆ ಕೊಡುವುದೋ ಎಂಬುದನ್ನು ಹೇಗೆ ನಿರ್ಧರಿಸಿದವು?’

ವಾಕ್ಯ ಉದ್ದವಾಗಿದೆ, ಆದರೆ ಪ್ರತಿ ಪದಕ್ಕೂ ಕೆಲಸವಿದೆ. ಎರಡು ಊರು ಎಂದದ್ದು ಹೋಲಿಕೆಗೆ. ಒಂದೇ ಉಪನಾಲೆ ಎಂದದ್ದು ನೀರಿನ ಅಂತರವೊಂದು ಎದ್ದು ಕಾಣಲಿ ಎಂದು. ‘ಕಳೆದ ಹಂಗಾಮು’ ಎಂದದ್ದು ಜನರ ನೆನಪಿನಲ್ಲಿ ದಿನಾಂಕ ಇನ್ನೂ ಹಸಿಯಾಗಿರುತ್ತದೆ, ತೂಕದ ಚೀಟಿ ಮನೆಯಲ್ಲಿರುತ್ತದೆ ಎಂಬ ಕಾರಣಕ್ಕೆ. ‘ರೈತರು’ ಬಿಟ್ಟು ‘ಕುಟುಂಬಗಳು’ ಎಂದದ್ದು ಆ ಹೆಂಗಸಿನ ಋಣ: ಪಹಣಿಯಲ್ಲಿ ಹೆಸರಿರುವವರನ್ನಷ್ಟೇ ಮಾತನಾಡಿಸಿದ್ದರೆ ಆಕೆ ನನ್ನ ಅಧ್ಯಯನದಲ್ಲಿ ಇರುತ್ತಲೇ ಇರಲಿಲ್ಲ. ‘ಏಕೆ’ ಎಂದು ಕೇಳಿದರೆ ಜನ ಒಂದು ಕಾರಣ ಹೇಳಿ ಮುಗಿಸುತ್ತಾರೆ. ‘ಹೇಗೆ ನಿರ್ಧರಿಸಿದಿರಿ’ ಎಂದು ಕೇಳಿದರೆ ಆ ವಾರದ ಕಥೆ ಹೇಳುತ್ತಾರೆ. ಅದಕ್ಕೇ ‘ಹೇಗೆ’.

ಸಾಲ, ಮಕ್ಕಳ ಮದುವೆ, ಸಾಗಣೆ ಖರ್ಚು ಇವೆಲ್ಲ ಮಾತಿನ ನಡುವೆ ತಾವಾಗಿಯೇ ಬರುತ್ತವೆ. ಅವನ್ನು ಶೀರ್ಷಿಕೆಯಲ್ಲಿ ತುರುಕಬೇಡಿ.

ಮಾರ್ಗದರ್ಶಕರು ಈ ಸಲವೂ ಅದೇ ಮಾತು ಕೇಳಿದರು, ಯಾರ ಮನೆಯ ಬಾಗಿಲು ಎಂದು. ‘ಕೊನೆಯ ಭಾಗದ ಊರಿನ ನೀರುಗಂಟಿಯ ಮನೆ’ ಎಂದೆ. ಯಾರ ಗದ್ದೆಗೆ ಯಾವ ದಿನ ನೀರು ಹರಿಯಿತು ಎಂದು ಬಲ್ಲವರು ಅವರೇ.