ಏಳು ವರ್ಷದ ಹುಡುಗಿಗೆ ಚಷ್ಮಾ: ಲಾಕ್‌ಡೌನ್ ಮಕ್ಕಳ ಕಣ್ಣಿಗೆ ಮಾಡಿದ್ದೇನು?

ನಮ್ಮ ವಿಜಯಪುರದ ಕಡೆ ಹಿರಿಯರು ಕನ್ನಡಕಕ್ಕೆ ಚಾಳೀಸು ಅಂತಾರೆ. ಚಾಳೀಸ್ ಅಂದರೆ ನಲವತ್ತು. ನಲವತ್ತಾದ ಮೇಲೆ ಹತ್ತಿರದ ಅಕ್ಷರ ಮಸುಕಾದಾಗ ಹಾಕಿಕೊಳ್ಳುವಂಥದ್ದು, ವಯಸ್ಸು ಹೆಸರಲ್ಲೇ ಇದೆ. ನನ್ನ ಅಕ್ಕನ ಮಗಳಿಗೆ ಚಷ್ಮಾ ಬಂದಾಗ ಅವಳಿಗೆ ಏಳು ವರ್ಷ. ಅವಳಿಗೆ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಕಾಣುವುದಿಲ್ಲ. ಇದೇ ಸಮೀಪದೃಷ್ಟಿ, ಮೈನಸ್ ನಂಬರ್.

2021ರ ಅಕ್ಟೋಬರ್ 25ಕ್ಕೆ ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸು ಮತ್ತೆ ತೆರೆದವು. ಅವಳು ಆಗ ಎರಡನೇ ಕ್ಲಾಸು, ಒಂದನೇ ಕ್ಲಾಸನ್ನು ಪೂರ್ತಿ ಮನೆಯಲ್ಲೇ ಮುಗಿಸಿದ್ದಳು. ಕೆಲವೇ ದಿನಕ್ಕೆ ಟೀಚರ್ ಅಕ್ಕನನ್ನು ಕರೆಸಿದರು. "ಬೋರ್ಡಿನ ಮ್ಯಾಲಿಂದು ಕಾಣವಲ್ದು ಅಂತಾಳ್ರೀ, ಬಾಜೂ ಕುಂತ ಹುಡುಗಿದು ನೋಡಿ ಬರೀತಾಳ." ತಪಾಸಣೆ ಮಾಡಿಸಿದರೆ ಎರಡೂ ಕಣ್ಣಿಗೆ ಮೈನಸ್ ಒಂದೂವರೆ. ಮನೆಯಲ್ಲಿ ಎಲ್ಲರೂ ಮೊಬೈಲಿಗೆ ಬೈದರು. ನಾನೂ ಬೈದೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಗಿದ್ದು, ನಾವು ಅರ್ಧ ಮಾತ್ರ ಸರಿ ಇದ್ದೆವು.

ನಮ್ಮ ಸೀಮೆಯಲ್ಲಿ ಕಣ್ಣಿನ ಕಾಯಿಲೆ ಅಂದರೆ ಬಹಳ ಕಾಲ ಮುದುಕರ ಮೋತಿಬಿಂದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಹಾಕಿ ಪೊರೆ ತೆಗೆದರು. ಅಜ್ಜ-ಅಜ್ಜಿಯರ ಬಾಯಲ್ಲಿ ಆ ಹೆಸರು ಇನ್ನೂ ಇದೆ. ಮಕ್ಕಳ ಕಣ್ಣಿನ ಬಗ್ಗೆ ಮಾತ್ರ ನಾವು ಅಷ್ಟು ಯೋಚಿಸಿದವರಲ್ಲ. ಯುರೋಪಿನಲ್ಲಿ ಯೋಚನೆ ಬೇಗ ಶುರುವಾಯಿತು. 1867ರಲ್ಲಿ ಹರ್ಮನ್ ಕೋನ್ ಎಂಬ ವೈದ್ಯರು ಬ್ರೆಸ್ಲಾವ್ ಊರಿನ ಸುಮಾರು ಹತ್ತು ಸಾವಿರ ಮಕ್ಕಳ ಕಣ್ಣು ನೋಡಿ, ಮೇಲಿನ ಕ್ಲಾಸಿಗೆ ಹೋದಷ್ಟೂ ಸಮೀಪದೃಷ್ಟಿ ಜಾಸ್ತಿ ಅಂತ ತೋರಿಸಿದರು. ಹಾಗಾಗಿ ಬಹಳ ಕಾಲ ಎಲ್ಲರೂ ಪುಸ್ತಕವನ್ನೇ ದೂರಿದರು.

ಆ ಲೆಕ್ಕ ತಪ್ಪಿದ್ದು 2008ರಲ್ಲಿ. ಸಿಡ್ನಿ ಮತ್ತು ಸಿಂಗಾಪುರದ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿ ನೋಡಿದರು. ಸಿಂಗಾಪುರದಲ್ಲಿ ಶೇ. 29.1 ಮಕ್ಕಳಿಗೆ ಸಮೀಪದೃಷ್ಟಿ, ಸಿಡ್ನಿಯಲ್ಲಿ ಬರೀ ಶೇ. 3.3. ಓದುವುದರಲ್ಲಿ ಸಿಡ್ನಿಯ ಮಕ್ಕಳೇ ಮುಂದಿದ್ದರು! ಆದರೆ ಅವರು ವಾರಕ್ಕೆ ಸುಮಾರು 14 ಗಂಟೆ ಮನೆಯ ಹೊರಗಿರುತ್ತಿದ್ದರು, ಸಿಂಗಾಪುರದವರು ಮೂರೇ ಗಂಟೆ.

ಕಾರಣ ಬೆಳಕು ಇರಬೇಕು ಅಂತಾರೆ. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬಯಲಿನ ಬೆಳಕು ಹತ್ತು ಸಾವಿರ ಲಕ್ಸ್ ದಾಟುತ್ತದೆ, ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಕೆಲವು ನೂರು ಮಾತ್ರ. ಜೋರು ಬೆಳಕು ಬಿದ್ದಾಗ ಕಣ್ಣಿನ ಹಿಂಪರದೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದನ್ನು ತಡೆಯುತ್ತದೆ. ಗುಡ್ಡೆ ಒಂದು ಮಿಲಿಮೀಟರ್ ಜಾಸ್ತಿ ಬೆಳೆದರೂ ನಂಬರ್ ಎರಡೂವರೆ-ಮೂರರಷ್ಟು ಏರುತ್ತದೆ. ಬೆಳೆದದ್ದು ಮತ್ತೆ ಕುಗ್ಗುವುದಿಲ್ಲ.

ಈಗ 2020ಕ್ಕೆ ಬನ್ನಿ. ಚೀನಾದ ಫೀಚೆಂಗ್ ಎಂಬ ಊರಿನಲ್ಲಿ 2015ರಿಂದಲೇ ಪ್ರತಿ ವರ್ಷ ಶಾಲಾ ಮಕ್ಕಳ ಕಣ್ಣು ನೋಡುತ್ತಿದ್ದರು, ಆದ್ದರಿಂದ ಮುಂಚಿನ ಲೆಕ್ಕ ಕೈಯಲ್ಲಿತ್ತು. ಸುಮಾರು ಐದು ತಿಂಗಳು ಮಕ್ಕಳು ಮನೆಯಲ್ಲಿದ್ದರು. ಜೂನ್‌ನಲ್ಲಿ ನೋಡಿದರೆ ಆರು ವರ್ಷದವರಲ್ಲಿ ಶೇ. 21.5ರಷ್ಟು ಮಕ್ಕಳಿಗೆ ಸಮೀಪದೃಷ್ಟಿ. ಹಿಂದಿನ ಯಾವ ವರ್ಷವೂ ಅದು ಶೇ. 5.7 ದಾಟಿರಲಿಲ್ಲ. ಕಣ್ಣಿನ ಸ್ನಾಯು ಸಡಿಲಿಸುವ ಡ್ರಾಪ್ಸ್ ಹಾಕದೆ ಮಾಡಿದ ತಪಾಸಣೆ ಅದು, ಸ್ವಲ್ಪ ಹೆಚ್ಚು ತೋರಿಸಿರಬಹುದು. ಆದರೂ ಏರಿಕೆ ಸಣ್ಣದಲ್ಲ. ನನ್ನನ್ನು ನಿಲ್ಲಿಸಿದ್ದು ಇನ್ನೊಂದು ವಿಷಯ: ಆನ್‌ಲೈನ್ ಕ್ಲಾಸು ಸಣ್ಣವರಿಗೆ ದಿನಕ್ಕೆ ಒಂದು ಗಂಟೆ, ದೊಡ್ಡವರಿಗೆ ಎರಡೂವರೆ ಗಂಟೆ ಇತ್ತು, ಕಣ್ಣು ಕೆಟ್ಟಿದ್ದು ಮಾತ್ರ ಸಣ್ಣವರದ್ದೇ ಜಾಸ್ತಿ. ಬೆಳೆಯುವ ಕಣ್ಣಿಗೆ ಏಟು ಬೇಗ ಬೀಳುತ್ತದೆ, ಅಲ್ವಾ?

ಅಲ್ಲಿ ಐದು ತಿಂಗಳು. ನಮ್ಮಲ್ಲಿ ಸಣ್ಣ ಕ್ಲಾಸುಗಳು 2020ರ ಮಾರ್ಚ್‌ನಿಂದ ಹತ್ತೊಂಬತ್ತು ತಿಂಗಳು ಮುಚ್ಚಿದ್ದವು. ಹಳ್ಳಿಯಲ್ಲಿ ಹೊಲ, ಬಯಲು ಇದ್ದ ಮಕ್ಕಳು ಹೇಗೋ ಹೊರಗೆ ಓಡಾಡಿದರು. ಪೇಟೆಯ ಎರಡು ಕೋಣೆಯ ಮನೆಯಲ್ಲಿದ್ದವರಿಗೆ ಅದೂ ಇರಲಿಲ್ಲ.

ಅಕ್ಕನ ಮನೆಯಲ್ಲಿ ಚಷ್ಮಾ ತಂದ ದಿನ ದೊಡ್ಡ ಗದ್ದಲ. "ಹೆಣ್ಣುಹುಡುಗಿಗೆ ಈಗ್ಲೇ ಚಷ್ಮಾ ಹಾಕಿದ್ರ ಮುಂದ ಹೆಂಗವ್ವಾ?" ಅಂತ ಅವಳ ಅಜ್ಜಿ ಅತ್ತರು. ಹಾಕಿದರೆ ನಂಬರ್ ಏರುತ್ತದೆ ಅಂತ ಓಣಿಯವರೂ ಹೇಳಿದರು. ಹೀಗಾಗಿ ಒಂದು ವರ್ಷ ಅವಳು ಚಷ್ಮಾವನ್ನು ಶಾಲೆಯಲ್ಲಿ ಮಾತ್ರ ಹಾಕಿದಳು, ಆ ವರ್ಷ ನೆನೆದರೆ ನನಗೆ ಈಗಲೂ ಸಂಕಟ. ಚಷ್ಮಾ ಹಾಕಿದ್ದಕ್ಕೆ ನಂಬರ್ ಏರುವುದಿಲ್ಲ. ಬಿಟ್ಟರೆ ಇಳಿಯುವುದೂ ಇಲ್ಲ, ಮಗುವಿಗೆ ಸುಮ್ನೆ ಮಸುಕು. ಮೈನಸ್ ಆರು ದಾಟಿದರೆ ದೊಡ್ಡವರಾದಾಗ ಕಣ್ಣಿನ ಪರದೆ ಕಳಚುವ ಅಪಾಯ ಹೆಚ್ಚುತ್ತದೆ, ನಿಜವಾಗಿ ಹೆದರಬೇಕಾದದ್ದು ಅದಕ್ಕೆ. ಏರುವುದನ್ನು ನಿಧಾನ ಮಾಡಲು ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಇದೆ, ಕಣ್ಣಿನ ಡಾಕ್ಟರ್ ಹೇಳಿದರೆ ಮಾತ್ರ ಹಾಕಬೇಕು.

ಇನ್ನು ಬೆಳಕು. ಚೀನಾದ ಗುವಾಂಗ್‌ಜೌನಲ್ಲಿ ಕೆಲವು ಶಾಲೆಗಳು ಒಂದನೇ ಕ್ಲಾಸಿನ ಮಕ್ಕಳನ್ನು ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟವು. ಮೂರು ವರ್ಷದಲ್ಲಿ ಅವರಲ್ಲಿ ಶೇ. 30.4 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂತು, ಉಳಿದ ಶಾಲೆಗಳಲ್ಲಿ ಶೇ. 39.5. ಬಿಸಿಲಲ್ಲೇ ನಿಲ್ಲಬೇಕಂತಿಲ್ಲ, ಬೇವಿನ ಮರದ ನೆರಳಲ್ಲೂ ಕೋಣೆಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ.

ನಮ್ಮೂರಲ್ಲಿ ಬೆಳಕಿಗೆ ಬರವಿಲ್ಲ, ಮಕ್ಕಳಿಗೆ ಹೊತ್ತಿಲ್ಲ. ಸೈನಿಕ ಶಾಲೆ, ನವೋದಯ ಅಂತ ನಾಲ್ಕು-ಐದನೇ ಕ್ಲಾಸಿಗೇ ಕೋಚಿಂಗ್. ಶಾಲೆ ಬಿಟ್ಟ ಮಕ್ಕಳು ನೇರ ಅಲ್ಲಿಗೆ ಹೋಗಿ ಕತ್ತಲಾದ ಮೇಲೆ ಹೊರಗೆ ಬರುತ್ತಾರೆ. ಸೈನಿಕ ಶಾಲೆಗೆ ಸೇರುವಾಗ ವೈದ್ಯಕೀಯ ಪರೀಕ್ಷೆಯಲ್ಲಿ ಕಣ್ಣನ್ನೂ ನೋಡುತ್ತಾರೆ ಅನ್ನುವುದು ಆ ತಂದೆ-ತಾಯಿಗಳಿಗೆಲ್ಲ ಗೊತ್ತು.

ಸಂಜೆ ಐದಕ್ಕಿದ್ದ ಮಗಳ ಟ್ಯೂಷನ್ನನ್ನು ಅಕ್ಕ ಏಳು ಗಂಟೆಗೆ ಹಾಕಿಸಿದ್ದಾಳೆ. ಐದಕ್ಕೆ ಅವಳು ಓಣಿಯ ಹುಡುಗಿಯರ ಜೊತೆ ಕುಂಟಾಬಿಲ್ಲೆ ಆಡುತ್ತಾಳೆ, ಚಷ್ಮಾ ಹಾಕಿಕೊಂಡೇ. ನಂಬರ್ ಈಗ ಮೂರೂಕಾಲು. ದಸರಾ ರಜೆಯಲ್ಲಿ ಮತ್ತೆ ತೋರಿಸಬೇಕು.