ಜೋಳದ ಸೀಮೆಗೆ ಭತ್ತ ಬಂದ ಬಗೆ

ತುಂಗಭದ್ರಾ ಎಡದಂಡೆ ಕಾಲುವೆಯನ್ನು ಭತ್ತಕ್ಕಾಗಿ ತೋಡಿದ್ದಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಎಂದರೆ ‘ಭತ್ತದ ಕಣಜ’ ಎನ್ನುವುದು ಈಗ ಎಲ್ಲರ ಬಾಯಲ್ಲೂ ಇದೆ. ಆದರೆ ಈ ಕಾಲುವೆ ಹಾಕಿದವರ ಲೆಕ್ಕವೇ ಬೇರೆ ಇತ್ತು.

ರಾಯಚೂರು, ಬಳ್ಳಾರಿ ಸೀಮೆಯ ಎರೆ ಹೊಲಗಳು ಬಿಳಿಜೋಳ, ಹತ್ತಿ, ಕಡಲೆ, ಕುಸುಬಿಗೆ ಹೇಳಿ ಮಾಡಿಸಿದಂಥವು. ಮಳೆ ಆದರೆ ಹಗೇವು ತುಂಬುತ್ತಿತ್ತು, ಹೋದರೆ ಊರಿಗೆ ಊರೇ ಗುಳೆ ಏಳುತ್ತಿತ್ತು. ತುಂಗಭದ್ರೆಯ ನೀರನ್ನು ಈ ಹೊಲಗಳಿಗೆ ತಿರುಗಿಸುವ ಮಾತನ್ನು 1860ರಲ್ಲೇ ಬ್ರಿಟಿಷ್ ನೀರಾವರಿ ಎಂಜಿನಿಯರ್ ಆರ್ಥರ್ ಕಾಟನ್ ಎತ್ತಿದ್ದರು. ಮುಂದೆ 1876–78ರ ಘೋರ ಬರ ಬಂದು ಬಳ್ಳಾರಿ ಜಿಲ್ಲೆಯನ್ನು ಹಿಂಡಿತು. ಆದರೂ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಒಪ್ಪಂದಕ್ಕೆ ಬಂದ ಮೇಲೆ. 1953ರಲ್ಲಿ ಕಾಲುವೆಗೆ ನೀರು ಹರಿಯಿತು.

ಹೀಗೆ ಬರದ ನೆನಪಿನಲ್ಲಿ ಹುಟ್ಟಿದ ಯೋಜನೆಯಾದ್ದರಿಂದ, ಇರುವ ನೀರನ್ನು ಆದಷ್ಟು ಹೆಚ್ಚು ಹೊಲಗಳಿಗೆ ತೆಳುವಾಗಿ ಹರಡುವುದೇ ಅದರ ಗುರಿಯಾಗಿತ್ತು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನು ಸರ್ಕಾರವೇ ಗೊತ್ತುಮಾಡಿತು. ಇಂದಿಗೂ ರೈತರು, ಎಂಜಿನಿಯರ್‌ಗಳು ಇದನ್ನು ‘ಲೋಕಲೈಸೇಷನ್’ ಎಂದೇ ಕರೆಯುತ್ತಾರೆ. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ಅಚ್ಚುಕಟ್ಟು ಆರು ಲಕ್ಷ ಎಕರೆಯಷ್ಟು. ಅದರಲ್ಲಿ ಭತ್ತಕ್ಕೆ ಸಿಕ್ಕ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಉಳಿದದ್ದು ಜೋಳ, ಶೇಂಗಾ, ಹತ್ತಿಗೆ. ಅಂದರೆ ಎರಡು ಮೂರು ವಾರಕ್ಕೊಮ್ಮೆ ನೀರು ಕಟ್ಟಿದರೆ ಸಾಕಾಗುವ ಬೆಳೆಗಳಿಗೆ.

ಕಾಗದದ ಮೇಲೆ ಇದು ಸೊಗಸಾಗಿಯೇ ಇತ್ತು. ಆದರೆ ಎರೆ ಹೊಲವನ್ನು ನೀರಾವರಿಗೆ ಹದಗೊಳಿಸಲು ನೆಲ ಮಟ್ಟ ಮಾಡಬೇಕು, ಬದು ಹಾಕಬೇಕು, ಹೊಲಗಾಲುವೆ ತೆಗೆಯಬೇಕು. ಮಳೆ ನೆಚ್ಚಿ ಬದುಕಿದ್ದ ಇಲ್ಲಿನ ರೈತರಲ್ಲಿ ಬಹುತೇಕರ ಕೈಯಲ್ಲಿ ಅಷ್ಟು ಹಣವೂ ಇರಲಿಲ್ಲ, ಆ ರೂಢಿಯೂ ಇರಲಿಲ್ಲ. ಕೃಷ್ಣಾ, ಗೋದಾವರಿ ಮುಖಜ ಭೂಮಿಯ ಆಂಧ್ರ ರೈತರ ಬಳಿ ಎರಡೂ ಇದ್ದವು. ಅಲ್ಲಿ ಒಂದು ಎಕರೆ ಮಾರಿ ಬಂದ ಹಣದಲ್ಲಿ ಇಲ್ಲಿ ಹಲವು ಎಕರೆ ಕೊಳ್ಳಬಹುದಿತ್ತು. ಐವತ್ತು, ಅರವತ್ತರ ದಶಕಗಳಲ್ಲಿ ಅವರು ಬಂದು ನೆಲೆಸಿದ ತಾಣಗಳೇ ಇಂದಿನ ‘ಕ್ಯಾಂಪ್’ಗಳು. ಅವರಿಗೆ ಗೊತ್ತಿದ್ದದ್ದು ಭತ್ತ, ಅದನ್ನೇ ಹಾಕಿದರು. ಎಲ್ಲವನ್ನೂ ಅವರ ತಲೆಗೆ ಕಟ್ಟುವ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಅವರು ದಾರಿ ತೋರಿಸಿದ್ದು ನಿಜ, ಆದರೆ ಆ ದಾರಿಗೆ ಎಲ್ಲರನ್ನೂ ಎಳೆದದ್ದು ನೀರು.

ಎಳೆದದ್ದು ಹೀಗೆ. ಕಾಲುವೆಯಲ್ಲಿ ನೀರು ಹಗಲು ರಾತ್ರಿ ಹರಿಯುತ್ತದೆ. ಜೋಳದ ಹೊಲಕ್ಕೆ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಲು ಕಟ್ಟುನಿಟ್ಟಾದ ಪಾಳಿ ಇರಬೇಕು. ಆ ಪಾಳಿ ನೆಲೆಗೊಳ್ಳಲೇ ಇಲ್ಲ. ತಡೆಯಿಲ್ಲದೆ ಬರುವ ನೀರಿಗೆ ಒಗ್ಗುವ ಬೆಳೆ ಭತ್ತವೊಂದೇ. ಮೇಲಿನವನು ನಾಟಿ ಮಾಡಿ ಮಡಿಯಲ್ಲಿ ನೀರು ನಿಲ್ಲಿಸಿದನೆಂದರೆ, ಬಸಿದ ತೇವಕ್ಕೆ ಕೆಳಗಿನವನ ಹತ್ತಿ ಬೇರು ಕೊಳೆಯುತ್ತದೆ. ಮರುವರ್ಷ ಅವನೂ ನಾಟಿಗೆ ಇಳಿಯದೆ ಬೇರೆ ದಾರಿಯಿಲ್ಲ. ನೀರಿನ ಕರವೋ, ಬಳಸಿದ ನೀರಿನ ಮೇಲಲ್ಲ, ಎಕರೆಯ ಮೇಲೆ. ಜೊತೆಗೆ ಬೆಂಬಲ ಬೆಲೆ, ಹೆಚ್ಚು ಇಳುವರಿಯ ತಳಿಗಳು, ಊರೂರಿಗೆ ಎದ್ದ ಅಕ್ಕಿ ಗಿರಣಿಗಳು, ಮನೆಮನೆಗೆ ಪಡಿತರ ಅಕ್ಕಿ. ಜೋಳದ ಬೆನ್ನಿಗೆ ಇವುಗಳಲ್ಲಿ ಯಾವುದೂ ಇಷ್ಟು ಬಲವಾಗಿ ನಿಲ್ಲಲಿಲ್ಲ. ಜೋಳ ಹೋದಾಗ ದನಗಳ ಮೇವಾಗಿದ್ದ ಅದರ ಕಣಿಕೆಯೂ ಹೋಯಿತು, ಅದರ ಹಿಂದೆಯೇ ಎತ್ತುಗಳೂ ಹೋದವು. ಈಗ ಕೊಯ್ಲಿಗೆ ಯಂತ್ರ ಬರುತ್ತದೆ.

ಇದರ ಬೆಲೆ ತೆತ್ತವರು ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೆಳಭಾಗದ ರೈತರು. ಕಾಲುವೆಯ 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ, 104ನೇ ಮೈಲಿಗೆ ನೀರು ಮುಟ್ಟಿತೇ ಎಂಬುದು ಅಲ್ಲಿ ಪ್ರತಿ ಹಂಗಾಮಿನ ಪ್ರಶ್ನೆ. ಮೇಲ್ಭಾಗದಲ್ಲಿ ಪಂಪ್ ಇಟ್ಟು ಅಚ್ಚುಕಟ್ಟಿನ ಆಚೆಗೂ ನೀರೆತ್ತುವುದು ಸಾಲದೆಂಬಂತೆ ಜಲಾಶಯವೇ ಹೂಳಿನಿಂದ ಕುಗ್ಗಿದೆ. 133 ಟಿಎಂಸಿ ಅಡಿಯಷ್ಟಿದ್ದ ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ನಾಟಿ ಮಾಡಿದವರೆಲ್ಲರ ಎದೆ ನಡುಗಿತು. ವಿಪರ್ಯಾಸವೆಂದರೆ, ನೀರು ಮುಟ್ಟದ ಕೆಳಭಾಗದ ರೈತರು ಹತ್ತಿ, ಜೋಳ ಹಾಕಿ ಐವತ್ತರ ದಶಕದ ಆದೇಶವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ.

ಹಾಗಾದರೆ ಮೇಲ್ಭಾಗದವರೂ ಭತ್ತ ಬಿಡಲಿ ಎಂಬ ಸಲಹೆ ಸಭೆಗಳಲ್ಲಿ ಸುಲಭವಾಗಿ ಬಂದುಹೋಗುತ್ತದೆ. ಆದರೆ ದಶಕಗಟ್ಟಲೆ ನೀರು ನಿಂತ ಎರೆ ಮಣ್ಣು ಹಳೆಯ ಎರೆ ಮಣ್ಣಲ್ಲ. ಅಂತರ್ಜಲ ಮೇಲೇರಿ, ಉಪ್ಪು ಮೇಲಕ್ಕೆ ಬಂದು, ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗದಲ್ಲಿ ಸಾವಿರಾರು ಎಕರೆ ಸವುಳು-ಜವುಳಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಮಣ್ಣಿಗೆಂದೇ ಪ್ರತ್ಯೇಕ ಸಂಶೋಧನೆ ನಡೆದಿದೆ. ಇಂಥ ನೆಲದಲ್ಲಿ ಒಬ್ಬ ರೈತ ಒಬ್ಬಂಟಿಯಾಗಿ ಜೋಳ ಬಿತ್ತಿದರೆ ಮೊಳಕೆಯೇ ಏಳಲಿಕ್ಕಿಲ್ಲ. ಭತ್ತ ನಿಂತ ನೀರಿನಲ್ಲಿ ಹೇಗೋ ಬದುಕಿಕೊಳ್ಳುತ್ತದೆ. ಬೆಳೆ ಬದಲಾಗಬೇಕಾದರೆ ಮೊದಲು ಒಂದು ತೂಬಿನ ಕೆಳಗಿನ ಅಷ್ಟೂ ಹೊಲಗಳಿಗೆ ಬಸಿಗಾಲುವೆ ತೆಗೆಯಬೇಕು, ಅವು ಹಳ್ಳ ಸೇರುವವರೆಗೂ ಹೂಳು ತುಂಬದಂತೆ ನೋಡಿಕೊಳ್ಳಬೇಕು. ಆಮೇಲೆ ಬೀಜದ ಮಾತು.